ಬ್ಲಾಗು ಹೇಳಿದ ಮನೆದೇವರು

ಯಾರಾದರೂ ಫೋನು ಚಾಚಿ "ಇದನ್ನು ಸ್ವಲ್ಪ ನೋಡಿ" ಎಂದರೆ ನಾನು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ. ಇದರಿಂದ ನನ್ನ ಹೆಂಡತಿಗೆ ಎಷ್ಟು ನಾಚಿಕೆಯೆಂದರೆ, ನೆಂಟರ ಮನೆಗೆ ಹೊರಟಾಗ "ಅಲ್ಲಿ ಯಾರ ಫೋನನ್ನೂ ತಿರುಗಿಸಬೇಡಿ" ಎಂದು ಮೊದಲೇ ಎಚ್ಚರಿಸಿ ಕರೆದುಕೊಂಡು ಹೋಗುತ್ತಾಳೆ. ತಪ್ಪು ನನ್ನದಲ್ಲ, ಕೈಯದು. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ತಲೆ ನೆರೆತವನು ನಾನು. ಪಾಸು ಕೊಟ್ಟರೆ ಹಿಂದೆ ಮೊಹರು ಇದೆಯೇ ಎಂದು ನೋಡಬೇಕು. ನೋಟು ಕೊಟ್ಟರೆ ಬೆಳಕಿಗೆ ಹಿಡಿಯಬೇಕು. ಮಗುವಿಗಿನ್ನೂ ಟಿಕೆಟ್ಟಿನ ವಯಸ್ಸಾಗಿಲ್ಲ ಎಂದು ತಾಯಿ ಆಣೆ ಮಾಡಿದರೆ, ಮಗುವಿನ ಗಲ್ಲ ಹಿಡಿದು "ಯಾವ ಕ್ಲಾಸು ಪುಟ್ಟ?" ಎಂದು ಕೇಳಬೇಕು. ಮಗು ಹೆಮ್ಮೆಯಿಂದ ನಿಜ ಹೇಳಿಬಿಡುತ್ತದೆ. ತಾಯಿ ಇಳಿಯುವವರೆಗೂ ನನ್ನ ವಂಶವನ್ನು ಶಪಿಸುತ್ತಾಳೆ.

ನಿವೃತ್ತಿಯಾದಾಗ ಬ್ಯಾಗು, ಸೀಟಿ ಎಲ್ಲ ಡಿಪೋಗೆ ಒಪ್ಪಿಸಿ ಬಂದೆ. ಅನುಮಾನವನ್ನು ಯಾರೂ ವಾಪಸು ಕೇಳಲಿಲ್ಲ, ಹಾಗಾಗಿ ಅದು ನನ್ನಲ್ಲೇ ಉಳಿಯಿತು. ಈಗ ನನ್ನ ಕಷ್ಟವೇನೆಂದರೆ, ಈ ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಬೆನ್ನೇ ಇಲ್ಲ. ಎಷ್ಟು ಮಗುಚಿದರೂ ಮುಖವೇ ಕಾಣುತ್ತದೆ.

ನನ್ನ ಕಾಲದಲ್ಲಿ ನಮ್ಮ ಸೀಮೆಗೆ ಬಸ್ಸೇ ದೊಡ್ಡ ಪತ್ರಿಕೆಯಾಗಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಹುಣಸೂರಿನಿಂದ ಹೊರಟ ಸುದ್ದಿ ಎಚ್.ಡಿ. ಕೋಟೆ ಮುಟ್ಟುವಷ್ಟರಲ್ಲಿ ಮೈಕೈ ತುಂಬಿಕೊಂಡು ಇಳಿಯುತ್ತಿತ್ತು. ಹುಣಸೂರಿನಲ್ಲಿ ಆನೆ ಬಾಳೆ ತಿಂದಿರುತ್ತಿತ್ತು, ಕೋಟೆಯಲ್ಲಿ ಅದೇ ಆನೆ ಮನೆ ಕೆಡವಿರುತ್ತಿತ್ತು. ಸಂಜೆ ಅದನ್ನೇ ವಾಪಸು ಹೊತ್ತು ತಂದರೆ ಹುಣಸೂರಿನವರೇ "ಹೌದಾ, ಯಾವೂರಲ್ಲಿ?" ಎಂದು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ಬಸ್ಸಿನಲ್ಲಿ ಒಂದು ಅನುಕೂಲವಿತ್ತು. ಸುಳ್ಳು ಹೇಳುವವನ ಮುಖ ಎದುರಿಗಿರುತ್ತಿತ್ತು. ಹಿಂದಿನ ಸೀಟಿನಿಂದ ಯಾವನಾದರೊಬ್ಬ "ಥೂ, ಬುಡಪ್ಪ ಸಾಕು, ನಾ ಅಲ್ಲೇ ಇದ್ದೆ" ಎಂದು ಕೂಗಿ ಇಡೀ ಬಸ್ಸನ್ನು ನಗಿಸಿಬಿಡುತ್ತಿದ್ದ. ಈಗ ಅದೇ ಬಸ್ಸಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಒಬ್ಬೊಬ್ಬರೇ ಓದಿಕೊಳ್ಳುತ್ತಾರೆ. ಥೂ ಎನ್ನುವವನೇ ಇಲ್ಲ.

ಅನುಮಾನ ನನಗೆ ಕೆಲಸದಿಂದ ಮಾತ್ರ ಬಂದದ್ದೂ ಅಲ್ಲವೇನೋ. ರಾವಂದೂರಿನ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪು ಕಟ್ಟುವ ಕಾಲ ಬಂತೆಂದರೆ, ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಪೋಣಿಸುತ್ತಿದ್ದರು. ಅಂಟು ಅಂಟು ಕೈ, ಗಾಟು ವಾಸನೆ, ಸಾಕುಸಾಕೆನಿಸುವ ಕೆಲಸ. ಹೊತ್ತು ಹೋಗಬೇಕಲ್ಲ, ಮಾತು ಹರಿಯುತ್ತಿತ್ತು. ಹಾರನಹಳ್ಳಿ ದಾರಿಯಲ್ಲಿ ಚಿರತೆ ಬಂತು ಎಂದು ಒಬ್ಬಾಕೆ ಶುರುಮಾಡಿದರೆ ನಮ್ಮವ್ವ ಕೈ ನಿಲ್ಲಿಸದೆ ಒಂದೇ ಮಾತು ಕೇಳುತ್ತಿದ್ದಳು. "ಕಂಡೋರ್ ಯಾರವ್ವ?" ಆಕೆ ನಾದಿನಿಯ ಹೆಸರು ಹೇಳುವಳು. "ಅವ್ಳು ಕಂಡ್ಲಾ?" ಇಲ್ಲ, ಅವಳ ಗಂಡನಿಗೆ ಹೇಳಿದ್ದು ಇನ್ಯಾರೋ. ಹೀಗೆ ಎಳೆ ಹಿಡಿದು ಹೋದರೆ ಕೊನೆಗೆ ಸಿಗುತ್ತಿದ್ದುದು ಪಾಪ, ಒಂದು ದೊಡ್ಡ ಕಂದು ನಾಯಿ. ನಮ್ಮವ್ವ ಓದಿದವಳಲ್ಲ. ಅವಳ ಆ ಒಂದು ಪ್ರಶ್ನೆ ನನ್ನ ಕಿವಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ವರ್ಷ ಒಂದು ಬ್ಲಾಗಿನಿಂದ ನನ್ನ ಅಕ್ಕನ ಮಗಳ ಮದುವೆಯೇ ಮುರಿದು ಬೀಳುವುದರಲ್ಲಿತ್ತು.

ಅಕ್ಕನನ್ನು ಕೊಟ್ಟ ಮನೆಯವರು ಮೂಲದಲ್ಲಿ ಕೋಟೆ ಕಡೆಯವರು. ಅಣೆಕಟ್ಟು ಕಟ್ಟಿದಾಗ ಅವರ ಊರು ನೀರಿಗೆ ಹೋಯಿತು. ಅರ್ಧ ಊರನ್ನು ಎಬ್ಬಿಸಿ ತಂದು ಹುಣಸೂರು ತಾಲ್ಲೂಕಿನ ಕಾಡಂಚಿಗೆ ಕೂರಿಸಿದರು, ಇನ್ನರ್ಧ ಎಲ್ಲೆಲ್ಲೋ ಚೆದುರಿತು. ಲಾರಿ ಓಡಿಸುತ್ತಿದ್ದ ನಮ್ಮ ಭಾವ ದೇವರು ದಿಂಡರಿಗೆ ತಲೆ ಕೆಡಿಸಿಕೊಂಡವರಲ್ಲ. ಮಗಳು ಪವಿತ್ರ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಅಕ್ಕ, ಪವಿತ್ರ, ಮತ್ತು ಭಾವನ ತಾಯಿ ಪುಟ್ಟಮ್ಮಜ್ಜಿ.

ಪವಿತ್ರ ಓದಿ, ಕೆ.ಆರ್. ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಮಿರ್ಲೆ ಕಡೆಯ ಯೋಗೇಶನ ಪರಿಚಯವಾದದ್ದು ಅಲ್ಲೇ. ಊರ ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಹುಡುಗ, ಅಮ್ಮನ ಸಕ್ಕರೆ ಕಾಯಿಲೆಯ ರಿಪೋರ್ಟು ತೆಗೆದುಕೊಳ್ಳಲು ಬರುತ್ತಿದ್ದನಂತೆ. ಆ ತಾಯಿಗೆ ಅಷ್ಟು ಸಲ ಪರೀಕ್ಷೆ ಬೇಕಿತ್ತೇ ಎಂದು ನನಗೆ ಅನುಮಾನ. ಇರಲಿ, ಒಂದೇ ಜನ, ಒಳ್ಳೆಯ ಮನೆ, ಇಬ್ಬರಿಗೂ ಇಷ್ಟ. ವೀಳ್ಯಶಾಸ್ತ್ರ ಮುಗಿಯಿತು, ಛತ್ರ ಗೊತ್ತಾಯಿತು. ಅಕ್ಕ ಎಷ್ಟೋ ವರ್ಷಗಳ ಮೇಲೆ ಬಾಯಿ ತುಂಬ ನಗುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಒಂದು ಬೆಳಿಗ್ಗೆ ಯೋಗೇಶನ ಚಿಕ್ಕಪ್ಪ ಕೃಷ್ಣಪ್ಪನವರ ಫೋನು ಬಂತು. ಯೋಗೇಶನಿಗೆ ತಂದೆ ಇಲ್ಲ, ಆ ಮನೆಗೆ ಅವರೇ ಯಜಮಾನರು.

"ಏನ್ ಸ್ವಾಮಿ, ನಿಮ್ಮಕ್ಕನ ಮನೆಯೋರೂ ನಮ್ಮಂಗೇ ಅರೆಕಲ್ಲಪ್ಪನ ಒಕ್ಕಲಂತಲ್ಲ? ಹೇಳ್ಬಾರ್ದಾಗಿತ್ತಾ?"

ನಿಮಗೆ ಗೊತ್ತಲ್ಲ, ನಮ್ಮಲ್ಲಿ ಜಾತಕ ಕೂಡದಿದ್ದರೆ ಪರಿಹಾರವುಂಟು, ವರದಕ್ಷಿಣೆ ಕೂಡದಿದ್ದರೆ ಮಾತುಕತೆಯುಂಟು. ಮನೆದೇವರು ಒಂದೇ ಆದರೆ ಮಾತ್ರ ಮುಗಿಯಿತು. ಒಂದೇ ದೇವರ ಒಕ್ಕಲೆಂದರೆ ಅಣ್ಣತಮ್ಮಂದಿರು. ಗಂಡು ಹೆಣ್ಣು ಅಣ್ಣ ತಂಗಿಯಾಗುತ್ತಾರೆ.

"ಯಾರು ಹೇಳಿದ್ದು ನಿಮಗೆ?" ಎಂದೆ, ನಮ್ಮವ್ವನ ಧಾಟಿಯಲ್ಲೇ.

"ಯಾರ್ ಹೇಳೋದು ಏನು? ನೆಟ್ಟಲ್ಲೇ ಅದೆ. ಲಗ್ನಪತ್ರಿಕೆ ಮೇಲೆ ನಿಮ್ಮ ಕಡೆ ದೇವ್ರ ಹೆಸ್ರು ಹಾಕ್ಸುವಾ ಅಂತ ನಿಮ್ಮಕ್ಕನ ಊರ್ ಹೆಸ್ರು ಹೇಳಿ ಫೋನ್ನೇ ಕೇಳ್ದೆ. ಗಿಣಿ ಓದ್ದಂಗೆ ಓದ್ತು. ಫೋಟೋನೂ ಅದೆ, ನಿಮ್ಮಜ್ಜೀದು."

ಹುಡುಕಿದೆ, ಇತ್ತು. ಯಾವನೋ ಒಬ್ಬ ಊರೂರು ತಿರುಗಿ ಬರೆಯುತ್ತಿದ್ದ ಬ್ಲಾಗು. ಕಾಡು, ಬೆಟ್ಟ, ಮುದ್ದೆ, ಉಪ್ಸಾರು ಎಲ್ಲವನ್ನೂ ಬಹಳ ಚೆಂದವಾಗಿ ಬಣ್ಣಿಸಿದ್ದ. ನಡುವೆ ಅಕ್ಕನ ಊರ ಪಕ್ಕದ ಅರೆಕಲ್ಲಪ್ಪನ ಬಂಡೆಯ ಮುಂದೆ ಬಾಳೆಹಣ್ಣು ಹಿಡಿದು ನಿಂತ ಪುಟ್ಟಮ್ಮಜ್ಜಿಯ ಚಿತ್ರ. ಕೆಳಗೆ, ಹಿನ್ನೀರಿನಿಂದ ಎದ್ದು ಬಂದ ಈ ಊರಿನ ಕುಟುಂಬಗಳ ಮನೆದೇವರು ತಲತಲಾಂತರದಿಂದ ಅರೆಕಲ್ಲಪ್ಪ ಎಂದು ಬರೆದಿತ್ತು. ತಲತಲಾಂತರ ಎಂಬ ಮಾತು ಓದಿ ನನಗೆ ಮೈ ಉರಿಯಿತು. ಅಲ್ಲಯ್ಯ, ಆ ಬಂಡೆಯ ಹತ್ತಿರಕ್ಕೆ ಅವರು ಬಂದದ್ದೇ ಊರು ಮುಳುಗಿದ ಮೇಲೆ!

ಇದೊಂದೇ ಅಲ್ಲ, ಬೇರೆ ಬೇರೆ ಹೆಸರಿನ ಇನ್ನಷ್ಟು ಬ್ಲಾಗುಗಳಲ್ಲೂ ಅದೇ ಮಾತು, ಅದೇ ಫೋಟೋ. ಒಂದೇ ಪಾಸಿನ ಜೆರಾಕ್ಸು ಹಿಡಿದು ಬಸ್ಸು ಹತ್ತಿದ ಹುಡುಗರ ಹಾಗೆ. ನಾನಾಗಿದ್ದರೆ ಎಲ್ಲರನ್ನೂ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದೆ. ಕೃಷ್ಣಪ್ಪನವರಿಗೆ ಮಾತ್ರ ಅದು ಅಷ್ಟು ಜನರ ಸಾಕ್ಷಿಯಾಗಿ ಕಂಡಿತು.

"ಎಲ್ಲಾ ಕಡೆನೂ ಅದೇ ಅದೆಯಲ್ಲ ಸ್ವಾಮಿ, ಎಲ್ರೂ ಸುಳ್ ಹೇಳ್ತಾರಾ?"

ಮೊದಲ ಬ್ಲಾಗಿನ ಕೆಳಗೆ ಅಭಿಪ್ರಾಯ ಬರೆಯಲು ಜಾಗವಿತ್ತು. ಒಂದೊಂದೇ ಅಕ್ಷರ ಕುಟ್ಟಿ, "ಮಾನ್ಯರೇ, ಇದು ತಪ್ಪು, ದಯವಿಟ್ಟು ತೆಗೆಯಿರಿ, ಒಂದು ಹೆಣ್ಣಿನ ಮದುವೆಯ ಪ್ರಶ್ನೆ" ಎಂದು ಬರೆದು ಕಳಿಸಿದೆ. ಬರೆದವರು ಒಪ್ಪಿದ ಮೇಲೆ ಪ್ರಕಟವಾಗುತ್ತದೆ ಎಂದು ಉತ್ತರ ಬಂತು. ಆ ಮಹರಾಯ ಬ್ಲಾಗು ಬರೆಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಪತ್ರಿಕೆಯಾದರೆ ಆಫೀಸು ಹುಡುಕಿಕೊಂಡು ಹೋಗಿ ಬೈದು ಬರಬಹುದು. ಇದು ಬೀಗ ಹಾಕಿಕೊಂಡು ಹೋದ ಮನೆ, ಒಳಗೆ ರೇಡಿಯೋ ಮಾತ್ರ ಹಾಡುತ್ತಲೇ ಇದೆ. ನನ್ನ ಮನವಿ ಇವತ್ತಿಗೂ ಅವನ ಒಪ್ಪಿಗೆಗೆ ಕಾಯುತ್ತಿರಬೇಕು.

ಅಕ್ಕನ ಊರಿಗೆ ಓಡಿದೆ. ಅಕ್ಕ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

"ನಿಮ್ಮ ಮನೆದೇವರು ಯಾವುದು ಅಂತ ನಿನಗೆ ಗೊತ್ತಿಲ್ವಾ?" ಎಂದು ರೇಗಿದೆ.

"ನಾನ್ ಈ ಮನೆಗೆ ಬಂದವ್ಳು ಕಣೋ. ಮಾವನೋರಿದ್ದಾಗ ಒಂದ್ಸಲ ಹಿನ್ನೀರ ತಾವ್ಕೆ ಕರ್ಕೊಂಡು ಹೋಗಿ ಪೂಜೆ ಮಾಡ್ಸುದ್ರು, ಮಡುವಿನಮ್ಮ ಅಂದ್ರು. ಅದು ಮನೆದೇವ್ರೋ, ಮುಳುಗಿದ್ ಊರ್ಗೆ ಕೈ ಮುಗ್ಯಕ್ ಹೋಗಿದ್ದೋ, ನಂಗೇನ್ ಗೊತ್ತು? ಅರೆಕಲ್ಲಪ್ಪಂಗೂ ಹೋಗ್ತೀವಿ. ಎಲ್ಲಾ ದೇವ್ರೂ ದೇವ್ರೇ ಅಲ್ವಾ?"

"ಪವಿತ್ರನ ಮೊದಲ ಮುಡಿ ಎಲ್ಲಿ ತೆಗೆಸಿದಿರಿ?" ಎಂದು ಕೇಳಿದೆ. ಮಗುವಿನ ಮೊದಲ ಕೂದಲು ಮನೆದೇವರಿಗೇ ಸಲ್ಲಬೇಕಲ್ಲ.

"ನಂಗೆ ಚಳಿಜ್ವರ ಬಂದು ಮಲಗಿದ್ದೆ. ಅತ್ತೆ ಮಾವನೇ ಎತ್ಕೊಂಡ್ ಹೋಗಿದ್ರು. ಸೋದರಮಾವ ಅಂತ ನೀನಾದ್ರೂ ಇರ್ಬೇಕಾಗಿತ್ತು, ನಿಂಗೆ ರಜ ಸಿಗ್ನಿಲ್ಲ."

ನಿಜ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ನಾನು ಆ ದಿನ ಪಿರಿಯಾಪಟ್ಟಣದ ರೂಟಿನಲ್ಲಿ ಚಿಲ್ಲರೆಗೆ ಜಗಳವಾಡುತ್ತಿದ್ದೆ. ನನ್ನ ಜಾಗದಲ್ಲಿ ಒಂದು ತೆಂಗಿನಕಾಯಿ ಇಟ್ಟು ಶಾಸ್ತ್ರ ಮುಗಿಸಿದರಂತೆ. ಆ ಮನೆಯಲ್ಲಿ ನನ್ನನ್ನು ಆಮೇಲೆ ಬಹಳ ಕಾಲ ತೆಂಗಿನಕಾಯಿ ಮಾವ ಎಂದೇ ಕರೆಯುತ್ತಿದ್ದರು. ಅಕ್ಕನ ಮಾವ ಹೋದರು, ಭಾವ ಹೋದರು, ತೆಂಗಿನಕಾಯಿಯನ್ನು ಅವತ್ತೇ ಸಾರಿಗೆ ಹಾಕಿದ್ದರು. ಉಳಿದ ಸಾಕ್ಷಿ ಪುಟ್ಟಮ್ಮಜ್ಜಿ ಒಬ್ಬರೇ.

ಅಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕ ಕೂತು ಫೋಟೋ ತೋರಿಸಿದೆ. "ಇವನಿಗೆ ಏನಂತ ಹೇಳಿದ್ರಿ ಅಜ್ಜಿ?"

ಅಜ್ಜಿ ತಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹಸಾ ಕರು ಹಾಕ್ತು ಅಂತ ಹರಕೆ ಒಪ್ಸಕ್ ಹೋಗಿದ್ದೆ. ಈ ಮಗ ಬಂದು, ನಿಮ್ ದೇವ್ರು ಯಾವ್ದಜ್ಜಿ ಅಂದ. ಇದೇ ಕಣಪ್ಪ, ಅರೆಕಲ್ಲಪ್ಪ ಅಂದೆ."

"ಯಾಕೆ ಹಾಗಂದ್ರಿ?"

"ಆವಪ್ಪನ ಮುಂದೇ ನಿಂತ್ಕಂಡು, ಕೈನಾಗೆ ಅವನ್ ಪರ್ಸಾದ ಹಿಡ್ಕಂಡು, ನನ್ ದೇವ್ರು ಬ್ಯಾರೆ ಅನ್ನಕ್ಕಾದದ? ನೊಂದ್ಕಳಾಕಿಲ್ವಾ?"

ನೋಡಿ, ಎಡವಟ್ಟಾದದ್ದು ಇಲ್ಲಿ. ಅಜ್ಜಿ ಸುಳ್ಳು ಹೇಳಲಿಲ್ಲ, ದೇವರ ಮನಸ್ಸು ನೋಯಿಸಬಾರದೆಂದು ಮರ್ಯಾದೆ ಮಾಡಿದರು. ಆ ಹುಡುಗನೂ ಸುಳ್ಳು ಬರೆಯಲಿಲ್ಲ, ಕೇಳಿದ್ದನ್ನು ಬರೆದ, ತಲತಲಾಂತರವೊಂದನ್ನು ಮಾತ್ರ ಕೈಯಿಂದ ಹಾಕಿದ. ಇಬ್ಬರು ಸಜ್ಜನರು ಸೇರಿ ನಮ್ಮ ಹುಡುಗಿಯ ಬಾಳಿಗೆ ಕಲ್ಲು ಹಾಕಿದ್ದರು.

"ಹಾಗಾದರೆ ನಿಜವಾದ ಮನೆದೇವರು ಯಾವುದು ಅಜ್ಜಿ?"

ಅಜ್ಜಿ ಕೈಯ ಕಾಯಿ ಕೆಳಗಿಟ್ಟರು. ಆಮೇಲೆ ಮೆತ್ತಗೆ, "ಅದ್ರಾಗೆ ಅಂಗ್ ಬಂದದಂತಲ್ಲ. ಅದೇ ಇರ್ಬೋದೇನೋ ಬುಡು. ನನ್ ಮಾತೇನು, ಬೆಟ್ಟೇ ಸವ್ದೋಗದೆ" ಎಂದರು.

ಬೆಟ್ಟಿನ ವಿಷಯ ನಿಮಗೆ ಹೇಳಬೇಕು. ಪಡಿತರದ ಅಂಗಡಿಯಲ್ಲಿ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ಒಂದು ದಿನ ಸರ್ವರ್ ಇಲ್ಲ ಎಂದು ವಾಪಸು ಕಳಿಸುತ್ತಾರೆ, ಇನ್ನೊಂದು ದಿನ ಸರ್ವರ್ ಇದ್ದರೂ ಬೆಟ್ಟು ತಾಳೆಯಾಗುವುದಿಲ್ಲ. ಹೊಲ, ಹೊಗೆಸೊಪ್ಪು, ಪಾತ್ರೆ ಎಂದು ದುಡಿದು ಗೆರೆಯೆಲ್ಲ ಅಳಿಸಿಹೋದ ಬೆಟ್ಟು ಅದು. ಮೊದಲ ಸಲ ಹಾಗಾದಾಗ ಅಜ್ಜಿ ಖಾಲಿ ಚೀಲ ಹಿಡಿದು ಬಂದು, "ನಾನು ನಾನಲ್ವಂತೆ ಕಣವ್ವ, ಮಿಸನ್ನು ಹೇಳ್ತು" ಎಂದು ಅಕ್ಕನಿಗೆ ಹೇಳಿದ್ದರು. ಕೇಳಿದವರೆಲ್ಲ ನಕ್ಕೆವು, ನಾನೂ ನಕ್ಕೆ. ಅಜ್ಜಿ ಆ ಮಾತನ್ನು ಒಪ್ಪಿಕೊಂಡುಬಿಟ್ಟಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ. ಈಗ ಹೊಳೆದು ನನಗೆ ನಿಜಕ್ಕೂ ಸಂಕಟವಾಯಿತು. ಈ ಹಾಳು ಬ್ಲಾಗಿಗೆ ಆ ವಿಷಯ ಸಿಕ್ಕಿದ್ದೇ ಅಜ್ಜಿಯ ಬಾಯಿಂದ. ಅಜ್ಜಿ ಅದನ್ನು ಮರಳಿ ಬ್ಲಾಗಿನಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು.

ಕೃಷ್ಣಪ್ಪನವರು ಕೆಟ್ಟವರಲ್ಲ. ಭಾನುವಾರ ಬಂದು ಅಜ್ಜಿಯ ಬಾಯಿಂದಲೇ ಕೇಳುತ್ತೇವೆ, ಆಮೇಲೆ ತೀರ್ಮಾನ ಎಂದರು. ಅಕ್ಕ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಅದರಲ್ಲಿ ಅರೆಕಲ್ಲಪ್ಪನೂ ಇದ್ದ ಎಂದು ನನಗೆ ಅನುಮಾನ. ಪವಿತ್ರ ಮಾತ್ರ ಅಳಲಿಲ್ಲ. ವಾರವಿಡೀ ಕೆಲಸ ಮುಗಿಸಿ ಬಂದು ಅಜ್ಜಿಯ ಕಾಲೊತ್ತುತ್ತಾ ಏನೇನೋ ಮಾತಾಡಿಕೊಂಡು ಕೂತಿರುತ್ತಿದ್ದಳು. ಮದುವೆ ನಿಂತರೆ ಈ ಹುಡುಗಿ ಏನಾದಾಳು ಎಂದು ನನಗೆ ಅನ್ನ ಸೇರಲಿಲ್ಲ.

ಭಾನುವಾರ ಅವರೆಲ್ಲ ಬಂದು ಚಾಪೆಯ ಮೇಲೆ ಕೂತರು. ಕಾಫಿ ಕೊಟ್ಟರೆ "ಆಮೇಲ್ ಕುಡುದ್ರಾಯ್ತು" ಎಂದು ಲೋಟ ಮುಟ್ಟಲಿಲ್ಲ. ಕೃಷ್ಣಪ್ಪನವರು ಕೈ ಮುಗಿದು ಕೇಳಿದರು. "ಅಮ್ಮಾ, ತಪ್ಪು ತಿಳೀಬ್ಯಾಡಿ. ನಿಮ್ಮನೆ ದೇವ್ರು ಯಾವ್ದು, ನೀವೇ ಹೇಳ್ಬುಡಿ."

ಅಜ್ಜಿ ನನ್ನ ಜೇಬಿನ ಫೋನಿನ ಕಡೆ ನೋಡಿದರು. ಅಕ್ಕ ಬಾಗಿಲು ಹಿಡಿದು ನಿಂತಿದ್ದಳು.

ಆಗ ಪವಿತ್ರ ಒಳಗಿಂದ ಬಂದು ಅಜ್ಜಿಯ ಪಕ್ಕ ಕೂತಳು. "ದೇವ್ರ ಹೆಸ್ರು ಹೋಗ್ಲಿ ಬುಡಜ್ಜಿ. ನನ್ ಮುಡಿ ತೆಗ್ಸಕ್ಕೆ ಹೋದ್ರಲ್ಲ, ಅವತ್ತು ಏನಾಯ್ತು ಹೇಳು."

ಅಜ್ಜಿಯ ಮುಖ ಅರಳಿತು. "ಅಯ್ಯೋ, ಅವತ್ತ? ಬ್ಯಾಸ್ಗೆ ಕಣವ್ವ, ಹಿನ್ನೀರು ಇಳ್ದೋಗಿತ್ತು. ಹಳೇ ಊರ ಬಾವಿಕಟ್ಟೆ, ಗುಡಿ ಕಲ್ಲು, ಎಲ್ಲಾ ಕಾಣ್ತಿತ್ತು. ಕೆಸ್ರಲ್ಲಿ ನಿನ್ ತಾತ ನಿನ್ನ ಹೆಗಲ್ ಮ್ಯಾಲೆ ಕೂರಿಸ್ಕಂಡು ನಡುದ್ರು. ಮಡುವಿನಮ್ಮನ ಕಲ್ಗೆ ಅರಿಶ್ಣ ಹಚ್ಚಿ, ಸೋದರಮಾವ ಬರ್ನಿಲ್ಲ ಅಂತ ತೆಂಗಿನ್ಕಾಯಿ ಮಡಗಿ, ಮುಡಿ ತೆಗ್ಸಿ ನೀರ್ಗೆ ಬುಟ್ಟೊ. ನೀನು ಅತ್ತಿದ್ದು ಆಚೆ ದಡುಕ್ಕೂ ಕೇಳುಸ್ತಿತ್ತು. ಊರ್ ಮುಳುಗುದ್ರೇನು, ತಾಯಿ ಅಲ್ಲೇ ಅವ್ಳೆ, ನಮ್ ಮನೆ ಕೂಸ್ನ ಮುಡಿ ಅವ್ಳಿಗೇ ಸಲ್ಬೇಕು ಅಂದ್ರು ನಿನ್ ತಾತ."

ಚಾಪೆಯ ಮೇಲಿದ್ದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಕೃಷ್ಣಪ್ಪನವರು ಆರಿದ ಕಾಫಿ ಎತ್ತಿಕೊಂಡು, "ಆಯ್ತು ಬುಡಿ, ದೇವ್ರು ಬ್ಯಾರೆ" ಎಂದು ಒಂದೇ ಗುಟುಕಿಗೆ ಕುಡಿದರು. ನನಗೆ ಎಂಥ ಸಮಾಧಾನವೆಂದರೆ, ನಾಲ್ಕು ಬ್ಲಾಗುಗಳ ಮುಂದೆ ಒಬ್ಬ ಮುದುಕಿಯ ಮಾತು ಗೆದ್ದಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಬಸ್ಸಿನಲ್ಲಿ ಪರಿಚಯವಿಲ್ಲದವರಿಗೂ ಹೇಳಿದೆ.

ಮದುವೆ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ಕೃಷ್ಣಪ್ಪನವರು ನನ್ನ ಪಕ್ಕದಲ್ಲೇ ಕೂತಿದ್ದರು. ಪಾಯಸ ಬರುವ ಹೊತ್ತಿಗೆ ನನ್ನ ಕಡೆ ವಾಲಿದರು.

"ಅಜ್ಜಿ ಮಾತು ಕೇಳಿ ಮನ್ಸು ಕರಗ್ತು, ಇಲ್ಲಾ ಅನ್ನಾಕಿಲ್ಲ. ಆದ್ರೂ ವಯಸ್ಸಾದೋರು ನೋಡಿ. ಅವತ್ತು ವಾಪಸ್ ಹೋಗ್ತಾ ದಾರೀಲೇ ಇನ್ನೊಂದ್ ಸಲ ಫೋನ್ನ ಕೇಳ್ದೆ. ಹೊಸಾ ಬ್ಲಾಗು ಒಂದು ಬಂದದೆ ಸ್ವಾಮಿ. ಮಡುವಿನಮ್ಮ ಅಂತ ಪೂರಾ ಬರ್ದವ್ರೆ. ಅದ ನೋಡುದ್ ಮ್ಯಾಲೆ ಧೈರ್ಯ ಬಂತು."

ಕೈ ತೊಳೆದವನೇ ಕಂಬದ ಮರೆಗೆ ಹೋಗಿ ಹುಡುಕಿದೆ. ಇತ್ತು. ಇಳಿದ ಹಿನ್ನೀರು, ಬಾವಿಕಟ್ಟೆ, ಕೆಸರು, ಹೆಗಲ ಮೇಲಿನ ಕೂಸು, ಕೊನೆಗೆ ತೆಂಗಿನಕಾಯಿ ಕೂಡ. ಅಜ್ಜಿ ಭಾನುವಾರ ಹೇಳಿದ್ದೇ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಬರೆದವರ ಹೆಸರಿರಲಿಲ್ಲ. ತಾರೀಖು ಮಾತ್ರ ಇತ್ತು, ಆ ಭಾನುವಾರದ ಹಿಂದಿನ ದಿನ ಶನಿವಾರದ್ದು.

ಹೆಣ್ಣು ಕಳಿಸಿಕೊಡುವ ಹೊತ್ತು. ಕಾರಿನ ಬಾಗಿಲ ಬಳಿ ಪವಿತ್ರ ನನ್ನ ಕಾಲಿಗೆರಗಿದಳು. ಎಬ್ಬಿಸುತ್ತಾ ಕಿವಿಯಲ್ಲಿ ಕೇಳಿದೆ. "ಅಜ್ಜಿ ಹೇಳಿದ್ದನ್ನ ನೀನು ಬರೆದೆಯೋ, ನೀನು ಬರೆದದ್ದನ್ನ ಅಜ್ಜಿ ಹೇಳಿದರೋ?"

ಅವಳು ಅಳುತ್ತಿದ್ದವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಮಾವ, ಇವತ್ತೊಂದಿನ ಟಿಕೆಟ್ ಕೇಳ್ಬ್ಯಾಡಿ" ಎಂದಳು, ಕಾರು ಹತ್ತಿದಳು.

ಅವಳನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆ ಮಗು ಸುಖವಾಗಿರಲಿ. ಆದರೆ ಹಾಳು ಕೈ, ಮಗುಚಿ ನೋಡದೆ ಬಿಡುವುದಿಲ್ಲವಲ್ಲ. ಛತ್ರ ಖಾಲಿಯಾದ ಮೇಲೆ ಒಂದು ಕುರ್ಚಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಪುಟ್ಟಮ್ಮಜ್ಜಿಯ ಹತ್ತಿರ ಹೋಗಿ ಕೂತೆ. "ಅಜ್ಜಿ, ಈಗ ಎಲ್ಲ ಮುಗಿಯಿತು. ನನಗೊಬ್ಬನಿಗೆ ನಿಜ ಹೇಳಿ. ಆ ಮುಡಿಯ ಕಥೆ ನಿಮಗೆ ನೆನಪಿತ್ತಾ, ಪವಿತ್ರ ನೆನಪು ಮಾಡಿಕೊಟ್ಟಳಾ?"

ಅಜ್ಜಿಗೆ ಸಿಟ್ಟು ಬಂತು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು.

"ಇದೇನಪ್ಪ ಹಿಂಗ್ ಕೇಳೀಯ? ನಾನ್ ಸುಳ್ ಹೇಳ್ತೀನಾ? ನನ್ ಮಾತ್ ನಂಬ್ದಿದ್ರೆ ಹೋಗಿ ಫೋನ್ನಾಗ್ ನೋಡ್ಕ."